ಉಳಿದ ಜಾಗ, ಬಿಟ್ಟ ಜಾಗ

ಈ ವರ್ಷದ ಯುಗಾದಿ ಕಳೆದು ನಾಲ್ಕೈದು ದಿನಗಳಾಗಿದ್ದವು. ವಿಜಯಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಸಂಜೆಯ ಗಾಳಿಗೆ ಕುಳಿತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬನು ಬಂದು ನಮಸ್ಕರಿಸಿ, ಒಣದ್ರಾಕ್ಷಿಯ ಚೀಲವೊಂದನ್ನು ಪಕ್ಕಕ್ಕಿಟ್ಟು ಕುಳಿತನು. ನಾವು ಬಬಲೇಶ್ವರದ ಶಾಲೆಯಲ್ಲಿ ಸಂಸ್ಕೃತವನ್ನೂ, ಗಣಿತದ ಮಾಸ್ತರರು ರಜೆಯ ಮೇಲಿದ್ದಾಗ ಗಣಿತವನ್ನೂ ಕಲಿಸುತ್ತಿದ್ದ ಕಾಲಕ್ಕೆ ಇವನು ಎರಡರಲ್ಲಿಯೂ ಹಿಂದೆ ಬಿದ್ದವನಾಗಿದ್ದನು. ಈಗ ತಿಕೋಟಾದ ಹತ್ತಿರ ದ್ರಾಕ್ಷಿಯ ತೋಟ ಮಾಡಿಕೊಂಡು ಮಾಸ್ತರರಿಗಿಂತ ಚೆನ್ನಾಗಿಯೇ ಬಾಳುತ್ತಿರುವನು. ಇಂಥ ವಿಪರ್ಯಾಸಗಳು ನಮ್ಮ ವೃತ್ತಿಯವರಿಗೆ ರೂಢಿಯಾದವುಗಳೇ, ಅದರಿಂದ ದುಃಖವಾಗಲಿಲ್ಲ.

ಕುಶಲಪ್ರಶ್ನೆಗಳಾದ ಮೇಲೆ ಅವನು ತನ್ನ ಮನಸ್ಸಿನ ತೊಡಕನ್ನು ಬಿಚ್ಚಿದನು. “ಗುರುಗಳ, ದೊಡ್ಡ ಮಗಳನ್ನ ಎಲೆಕ್ಟ್ರಾನಿಕ್ಸ್ ಓದಿಸಿದ್ನಿರಿ. ಈಗ ಬೆಂಗಳೂರಾಗ ಕೂತು ಪ್ಲ್ಯಾನ್ ತಗೀತಾಳಂತ. ಮನಿ ಪ್ಲ್ಯಾನ್ ತಗ್ಯಾವ್ರು ನಮ್ಮ ಊರಾಗೇ ಇಲ್ಲೇನ್ರಿ? ಅದರಾಗೂ, ಎಲ್ಲೆಲ್ಲಿ ಜಾಗಾ ಖಾಲಿ ಬಿಡಬೇಕು ಅನ್ನೂದ ಆಕಿ ಕೆಲಸಂತ. ಖಾಲಿ ಬಿಡಾಕೂ ಪಗಾರ ಕೊಡ್ತಾರೇನ್ರಿ?”

ನಾವು ನಕ್ಕೆವು, ಆದರೆ ಅವನು ನಗುವದಕ್ಕೆ ಬಂದವನಾಗಿರಲಿಲ್ಲ. ಅವನ ಎರಡನೆಯ ಮಗಳು ಪಿ.ಯು.ಸಿ. ಪರೀಕ್ಷೆ ಮುಗಿಸಿ ಅಕ್ಕನ ದಾರಿಯನ್ನೇ ಹಿಡಿಯುವೆನೆಂದು ಹಟ ಹಿಡಿದಿರುವಳು. ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಹಿರಿಯ ಮಗಳ ಓದಿಗಾಗಿ ಮಾಡಿದ ಸಾಲವಿನ್ನೂ ತೀರಿಲ್ಲ. ಹೋದ ಸುಗ್ಗಿಯಲ್ಲಿ ಒಣದ್ರಾಕ್ಷಿಯ ಒಂದು ಶೆಡ್ಡಿನ ಮಾಲೆಲ್ಲ ಕಪ್ಪಿಟ್ಟು ಹಾನಿಯಾಯಿತು. ಹೀಗಿರುವಾಗ ಇನ್ನೊಬ್ಬಳನ್ನೂ, ತನಗೆ ಹೆಸರು ಕೂಡ ತಿಳಿಯದ ಕಸಬಿಗೆ ಕಳುಹಿಸುವದು ಯೋಗ್ಯವೋ ಅಲ್ಲವೋ? “ನೀವು ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ,” ಎಂದು ಭಾರವನ್ನೆಲ್ಲ ನಮ್ಮ ತಲೆಯ ಮೇಲೆ ಹೊರಿಸಿದನು. ತಿಳಿಯದ ವಿಷಯದಲ್ಲಿ ಹೂಂ ಎನ್ನುವದೂ ಬೇಡ ಎನ್ನುವದೂ ಒಂದೇ ಪಾಪವಾದ್ದರಿಂದ ನಾವು ಎಂಟು ದಿನಗಳ ಅವಧಿ ಬೇಡಿದೆವು. ಅವನ ಮಗಳಿಗೆ ಫೋನು ಮಾಡಿ, ಅವಳು ಕಳುಹಿಸಿದ ಲೇಖಗಳನ್ನು ಕಣ್ಣಿಗೆ ನೋವಾಗುವವರೆಗೆ ಓದಿ, ತಿಳಿಯದ್ದನ್ನು ಮತ್ತೆ ಮತ್ತೆ ಕೇಳಿ, ಕಡೆಗೆ ಒಂದಿಷ್ಟು ತಿಳಿದುಕೊಂಡೆವು. ಮಕ್ಕಳು ಇಂಥ ಕೆಲಸದಲ್ಲಿರುವ ಮನೆಗಳು ಈಗ ನಮ್ಮ ಜಿಲ್ಲೆಯಲ್ಲಿಯೂ ಕಡಿಮೆಯಾಗಿಲ್ಲವಾದ ಕಾರಣ, ಆ ತಿಳಿವಳಿಕೆಯನ್ನು ವಾಚಕರ ಮುಂದೆ ಇಡುತ್ತೇವೆ.

ಫೋನಿನಲ್ಲಿ, ಮೋಟಾರಿನಲ್ಲಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಸಹ ಇಂದು ಇರತಕ್ಕ ಚಿಪ್ ಎಂಬ ವಸ್ತುವು ಉಗುರಿನಷ್ಟಗಲದ ಸಿಲಿಕಾನಿನ ತುಣುಕು. ಅದು ಒಳಗೆ ಒಂದು ಊರಿನಂತಿರುವದು. ನೆನಪಿಡುವ ಖಂಡಗಳು ಕೆಲವು, ಲೆಕ್ಕ ಮಾಡುವ ಖಂಡಗಳು ಕೆಲವು, ಹೊರಗಿನೊಡನೆ ಮಾತಾಡುವ ಖಂಡಗಳು ಕೆಲವು. ಒಂದೊಂದು ಖಂಡವೂ ಬಹುತರವಾಗಿ ಆಯತಾಕಾರದ್ದು. ಇವನ್ನೆಲ್ಲ ಒಂದು ದೊಡ್ಡ ಆಯತದ ಒಳಗೆ, ಒಂದರ ಮೇಲೊಂದು ಏರದಂತೆ ಇಡಬೇಕು; ತಮ್ಮತಮ್ಮಲ್ಲಿ ಪದೇ ಪದೇ ಮಾತಾಡುವ ಖಂಡಗಳು ಹತ್ತಿರವಿರಬೇಕು, ಯಾಕಂದರೆ ಅವುಗಳ ನಡುವಿನ ಲೋಹದ ತಂತಿ ಉದ್ದವಾದಷ್ಟೂ ಸಂದೇಶವು ತಡವಾಗುವದು. ಈ ಇಡುವಿಕೆಗೆ ಕಸಬಿನವರು ಫ್ಲೋರ್‌ಪ್ಲ್ಯಾನ್ ಎನ್ನುತ್ತಾರೆ. ಮನೆ ಕಟ್ಟುವವರ ಮಾತನ್ನೇ ಕಡ ತಂದಿರುವರು. ನಮ್ಮ ಶಿಷ್ಯನ ತಪ್ಪು ತಿಳಿವಳಿಕೆಗೆ ಅವನೊಬ್ಬನೇ ಹೊಣೆಯಲ್ಲ. ನಾವು ಇದಕ್ಕೆ ನೆಲನಕ್ಷೆ ಎನ್ನೋಣ.

ಜಾಗವನ್ನು ಉಳಿಸುವದಕ್ಕೆ ಇಷ್ಟು ಹೆಣಗಾಟವೇಕೆಂದರೆ, ನಮ್ಮ ಕಡೆಯ ಜೋಳದ ರೊಟ್ಟಿಗಿಂತ ತುಸು ದೊಡ್ಡದಾದ, ೩೦೦ ಮಿಲಿಮೀಟರು ಅಗಲದ ಸಿಲಿಕಾನಿನ ತಟ್ಟೆಯೊಂದರ ಮೇಲೆ ಅನೇಕ ಚಿಪ್ಪುಗಳನ್ನು ಒಟ್ಟಿಗೆ ಮೂಡಿಸಿ ಕತ್ತರಿಸುತ್ತಾರೆ. ಚಿಪ್ ದೊಡ್ಡದಾದರೆ ತಟ್ಟೆಗೆ ಬರುವ ಸಂಖ್ಯೆ ಇಳಿಯುವದು. ಅದಲ್ಲದೆ ತಟ್ಟೆಯ ಮೇಲೆ ಅಲ್ಲಲ್ಲಿ ದೋಷದ ಚುಕ್ಕೆಗಳಿರುವವು. ಚಿಪ್ ದೊಡ್ಡದಾದಷ್ಟೂ ಅಂಥ ಚುಕ್ಕೆಗೆ ಸಿಕ್ಕಿ ಕೆಡುವ ಸಂಭವವೂ ಹೆಚ್ಚು. ೧೯೭೧ರಲ್ಲಿ ಹೊರಬಂದ ಇಂಟೆಲ್ ಸಂಸ್ಥೆಯ ೪೦೦೪ ಎಂಬ ಚಿಪ್ಪಿನಲ್ಲಿ ಸುಮಾರು ೨೩೦೦ ಟ್ರಾನ್ಸಿಸ್ಟರುಗಳಿದ್ದವು. ಅದರ ನಕ್ಷೆಯನ್ನು ಮನುಷ್ಯರು ಕೈಯಿಂದಲೇ ತೆಗೆದರು. ೨೦೨೦ರಲ್ಲಿ ಬಂದ ಆ್ಯಪಲ್ ಸಂಸ್ಥೆಯ ಎಂ-೧ ಚಿಪ್ಪಿನಲ್ಲಿ ೧೬೦೦ ಕೋಟಿ. ಕೈಯಿಂದ ತೆಗೆಯುವ ಮಾತು ಮುಗಿಯಿತು. ಯಂತ್ರಕ್ಕೆ ಹೇಳಿಕೊಡಬೇಕು, ಹೇಳಿಕೊಡುವದಕ್ಕೆ ನಿಶ್ಚಿತವಾದ ಕ್ರಮ ಬೇಕು. ಅಂಥ ಕ್ರಮಕ್ಕೇ ಅಲ್ಗಾರಿದಮ್ ಎಂದು ಹೆಸರು.

ಒಂದೊಂದಾಗಿ ಎಲ್ಲ ಬಗೆಯಿಂದಲೂ ಇಟ್ಟು ನೋಡಿ ಒಳ್ಳೆಯದನ್ನು ಆರಿಸಿದರಾಯಿತಲ್ಲ ಎಂದು ವಾಚಕರು ಕೇಳಬಹುದು. ಭಾಸ್ಕರಾಚಾರ್ಯನ ಲೀಲಾವತಿಯ ಅಂಕಪಾಶವೆಂಬ ಪ್ರಕರಣವನ್ನು ಓದಿದವರು ಹಾಗೆ ಕೇಳಲಾರರು. ಅಲ್ಲಿ ಒಂದು ಲೆಕ್ಕವಿದೆ: ವಿಷ್ಣುವಿನ ನಾಲ್ಕು ಕೈಗಳಲ್ಲಿ ನಾಲ್ಕು ಆಯುಧಗಳನ್ನು ಅದಲುಬದಲು ಮಾಡಿದರೆ ೨೪ ರೂಪಗಳಾಗುತ್ತವೆ, ಶಿವನ ಹತ್ತು ಕೈಗಳಲ್ಲಿ ಹತ್ತು ಆಯುಧಗಳನ್ನು ಅದಲುಬದಲು ಮಾಡಿದರೆ ೩೬,೨೮,೮೦೦. ನಾಲ್ಕರಿಂದ ಹತ್ತಕ್ಕೆ ಏರಿದ್ದಷ್ಟೆ. ಇಪ್ಪತ್ತನಾಲ್ಕು ಹೋಗಿ ಮೂವತ್ತಾರು ಲಕ್ಷವಾಯಿತು. ನಮ್ಮ ಹತ್ತು ಖಂಡಗಳಾದರೋ ಒಂದೇ ಸಾಲಿನಲ್ಲಿ ನಿಲ್ಲುವವಲ್ಲ; ಎಡಬಲವೂ ಉಂಟು, ಮೇಲುಕೆಳಗೂ ಉಂಟು. ಮುಂದೆ ಹೇಳಲಿರುವ ಒಂದು ಪದ್ಧತಿಯಲ್ಲಿ ಹತ್ತು ಖಂಡಗಳಿಗೆ ಬರುವ ರೀತಿಗಳು ಆ ಶಿವಸಂಖ್ಯೆಯ ವರ್ಗ, ಅಂದರೆ ಹದಿಮೂರು ಲಕ್ಷ ಕೋಟಿಗೂ ಮಿಗಿಲು. ಖಂಡಗಳು ಹೆಚ್ಚಿದಂತೆ ಎಲ್ಲ ಪ್ರಸಂಗಗಳಲ್ಲಿಯೂ ಸರ್ವೋತ್ತಮವಾದ ಉತ್ತರವನ್ನು ಬೇಗನೆ ಕೊಡತಕ್ಕ ಕ್ರಮವು ಇದುವರೆಗೆ ಯಾರಿಗೂ ದೊರೆತಿಲ್ಲ. ಅಂಥದು ಇರಲಾರದೆಂದೇ ಬಹುಮಂದಿ ಪಂಡಿತರ ನಂಬಿಗೆ.

ಆದದ್ದರಿಂದ ಮೊದಲಿಗರು ನಕ್ಷೆಗಳ ಜಾತಿಯನ್ನೇ ಸಂಕೋಚಗೊಳಿಸಿದರು. ಅಣ್ಣತಮ್ಮಂದಿರು ಹೊಲವನ್ನು ಪಾಲು ಮಾಡಿಕೊಳ್ಳುವ ರೀತಿಯನ್ನು ನೆನೆಯಿರಿ. ಈ ಅಂಚಿನಿಂದ ಆ ಅಂಚಿನವರೆಗೆ ನೆಟ್ಟಗೆ ಒಂದು ಬದು; ಬಂದ ಪಾಲನ್ನು ಮಕ್ಕಳು ಮತ್ತೆ ಅಡ್ಡವಾಗಿಯೋ ಉದ್ದವಾಗಿಯೋ ಒಂದೇ ಬದುವಿನಿಂದ ಒಡೆಯುತ್ತಾರೆ. ಹೀಗೆ ಕೊಯ್ದು ಕೊಯ್ದು ಆಗುವ ನಕ್ಷೆಗಳನ್ನು ಕೊಯ್ತದ ನಕ್ಷೆಗಳೆನ್ನೋಣ. ಇವನ್ನು ಬಳಸುವ ಮಾರ್ಗವನ್ನು ರಾಲ್ಫ್ ಓಟನ್ ೧೯೮೨ರಲ್ಲಿ ವಿವರಿಸಿದನು. ೧೯೮೬ರಲ್ಲಿ ವಾಂಗ್ ಮತ್ತು ಲಿಯು ಎಂಬವರು ಇಂಥ ನಕ್ಷೆಯನ್ನು ಅಕ್ಷರಗಳ ಒಂದು ಮಾಲೆಯಾಗಿ ಬರೆಯುವ ಸೊಗಸಾದ ರೀತಿಯನ್ನು ತೋರಿಸಿದರು. ‘ಅ ಆ ಪಕ್ಕ ಇ ಮೇಲೆ’ ಎಂದು ಬರೆದರೆ, ಅ ಆ ಎಂಬೆರಡನ್ನು ಪಕ್ಕಪಕ್ಕಕ್ಕೆ ಇಡು, ಆದ ಜೋಡಿಯನ್ನೂ ಇ ಎಂಬುದನ್ನೂ ಮೇಲುಕೆಳಗೆ ಇಡು ಎಂದರ್ಥ. ಕಂಸಗಳ ಹಂಗಿಲ್ಲ. ಇದಕ್ಕೆ ಪೋಲಂಡ ದೇಶದ ತಾರ್ಕಿಕರ ಹೆಸರಿನಿಂದ ಪೋಲಿಷ್ ಪದ್ಧತಿ ಎನ್ನುತ್ತಾರೆ. ನಾಮಪದಗಳೆಲ್ಲ ಮೊದಲು, ಕ್ರಿಯಾಪದ ಕೊನೆಗೆ. ಇದನ್ನು ಕಲಿಯುವದಕ್ಕೆ ಆಂಗ್ಲರು ಕಷ್ಟಪಡಬಹುದು, ಕನ್ನಡದ ಕೂಸಿಗೆ ಇದು ಹುಟ್ಟುಗುಣವೇ ಸರಿ.

ಆದರೆ ಎಲ್ಲ ನಕ್ಷೆಗಳೂ ಕೊಯ್ತಕ್ಕೆ ಒಳಪಡುವದಿಲ್ಲ. ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಕಾಗದದ ಗಿರಿಗಿಟ್ಲೆಯನ್ನು ಎಲ್ಲರೂ ನೋಡಿರುವಿರಿ. ಅದರ ನಾಲ್ಕು ಎಲೆಗಳಂತೆ ನಾಲ್ಕು ಕೋಣೆಗಳು ಒಂದರ ಬೆನ್ನಿಗೊಂದು ಸುತ್ತಿ ಬಂದು, ನಡುವೆ ಐದನೆಯ ಕೋಣೆ ಉಳಿದರೆ, ಅಂಥ ನಕ್ಷೆಯನ್ನು ಅಂಚಿನಿಂದ ಅಂಚಿಗೆ ಕೊಯ್ಯುವ ಗೆರೆಯೇ ಇಲ್ಲ. ಎಲ್ಲಿಂದ ಹೊರಟರೂ ಒಂದು ಕೋಣೆ ಅಡ್ಡ ಬರುವದು. ಇದಕ್ಕೆ ಚಕ್ರವೆಂದು ಹೆಸರು. ಇಲ್ಲಿ ಒಂದು ಮನೋಹರವಾದ ಎಣಿಕೆ ಇದೆ. ಆಯತವೊಂದನ್ನು ಎರಡು ಕೋಣೆ ಮಾಡುವ ಬಗೆಗಳು ೨, ಮೂರು ಕೋಣೆ ಮಾಡುವ ಬಗೆಗಳು ೬, ನಾಲ್ಕಕ್ಕೆ ೨೨. ಇಲ್ಲಿಯವರೆಗೆ ಎಲ್ಲವೂ ಕೊಯ್ತದವೇ. ಐದು ಕೋಣೆಗಳಿಗೆ ಒಟ್ಟು ೯೨. ಅವುಗಳಲ್ಲಿ ಕೊಯ್ತದವು ೯೦. ಉಳಿದ ಎರಡು ಯಾವವೆಂದರೆ, ಬಲಕ್ಕೆ ತಿರುಗುವ ಚಕ್ರ ಒಂದು, ಎಡಕ್ಕೆ ತಿರುಗುವ ಚಕ್ರ ಒಂದು. ತೊಂಬತ್ತೆರಡರಲ್ಲಿ ಎರಡನ್ನು ಬಿಟ್ಟರೆ ಏನು ಮಹಾ ಎನ್ನುವಂತಿಲ್ಲ. ಯಾವ ಕೋಣೆಗೆ ಯಾವ ಕೋಣೆ ತಾಗಿರಬೇಕೆಂಬ ಬೇಡಿಕೆಗಳೇ ಕೆಲವು ಸಲ ಚಕ್ರವನ್ನು ಅನಿವಾರ್ಯ ಮಾಡುತ್ತವೆ ಎಂಬದನ್ನು ಕೋಲಕಾತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಸುಸ್ಮಿತಾ ಸುರ್-ಕೊಲೆಯ್ ಮತ್ತು ಭಾರ್ಗವ ಭಟ್ಟಾಚಾರ್ಯ ಇವರು ೧೯೮೮ರಷ್ಟು ಹಿಂದೆಯೇ ತೋರಿಸಿಕೊಟ್ಟರು.

ಈ ಚಕ್ರವನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ರಜೆಯಲ್ಲಿ ಮಕ್ಕಳ ಗದ್ದಲ ತಾಳದವರಿಗೆ ಇದು ಒಳ್ಳೆಯ ಉಪಾಯವೂ ಹೌದು. ಚೌಕುಳಿ ಕಾಗದವನ್ನು ರಟ್ಟಿಗೆ ಅಂಟಿಸಿ ಒಂಬತ್ತು ಚೌಕಗಳನ್ನು ಕತ್ತರಿಸಿರಿ. ಅವುಗಳ ಬಾಹುಗಳು ಕ್ರಮವಾಗಿ ೧೮, ೧೫, ೧೪, ೧೦, ೯, ೮, ೭, ೪, ೧ ಮನೆಗಳು ಇರಲಿ. ಒಂದಕ್ಕೊಂದು ಸಮವಾದ ಎರಡು ಚೌಕಗಳಿಲ್ಲ. ಇವನ್ನು ೩೩ ಮನೆ ಅಗಲ, ೩೨ ಮನೆ ಎತ್ತರದ ಚೌಕಟ್ಟಿನಲ್ಲಿ ಎಳ್ಳಷ್ಟೂ ಸಂದಿಯಿಲ್ಲದಂತೆ ಕೂಡಿಸಬೇಕು. ಮಕ್ಕಳು ಸೋತ ಮೇಲೆ ಉತ್ತರ ಹೇಳಿರಿ: ಮೇಲಿನ ಸಾಲಿನಲ್ಲಿ ಎಡಕ್ಕೆ ೧೮, ಬಲಕ್ಕೆ ೧೫. ಹದಿನೆಂಟರ ಕೆಳಗೆ ಎಡಕ್ಕೆ ೧೪, ಅದರ ಬಲಕ್ಕೆ ೪. ಹದಿನೈದರ ಕೆಳಗೆ ಎಡಕ್ಕೆ ೭, ಬಲಕ್ಕೆ ೮. ಹದಿನಾಲ್ಕರ ಬಲಮಗ್ಗುಲಿಗೆ, ನಾಲ್ಕು ಮತ್ತು ಏಳರ ಕೆಳಗೆ ೧೦. ಬಲಗಡೆಯ ಕೆಳಮೂಲೆಗೆ ೯. ಉಳಿದ ಒಂದು ಮನೆಯ ಸಂದಿಯಲ್ಲಿ ೧. ಈ ಜೋಡಣೆಯನ್ನು ಪೋಲಂಡದ ಮೊರೊನ್ ಎಂಬವನು ೧೯೨೫ರಲ್ಲಿ ಪ್ರಕಟಿಸಿದನು. ಕೇಂಬ್ರಿಜ್ಜಿನ ಬ್ರುಕ್ಸ್, ಸ್ಮಿತ್, ಸ್ಟೋನ್, ಟಟ್ ಎಂಬ ನಾಲ್ವರು ಇಂಥ ಪ್ರತಿಯೊಂದು ಜೋಡಣೆಯನ್ನೂ ವಿದ್ಯುತ್ತು ಹರಿಯುವ ತಂತಿಗಳ ಜಾಲವೆಂದು ಎಣಿಸಬಹುದು, ಚೌಕದ ಬಾಹುವೇ ತಂತಿಯೊಳಗಿನ ಪ್ರವಾಹದ ಅಳತೆ ಎಂದು ೧೯೪೦ರಲ್ಲಿ ಬರೆದರು. ಚಿಪ್ ಹುಟ್ಟುವ ಮೊದಲೇ ನೆಲನಕ್ಷೆಗೂ ವಿದ್ಯುತ್ತಿಗೂ ಹೀಗೆ ನಂಟು ಕೂಡಿತ್ತು.

ಈಗ ಆ ಒಂದರ ಚೂರನ್ನು ಮಾತ್ರ ತೆಗೆಯಿರಿ. ಅದರ ಮೇಲೆ ೭, ಬಲಕ್ಕೆ ೮, ಕೆಳಗೆ ೯, ಎಡಕ್ಕೆ ೧೦. ನಾಲ್ಕೂ ಸೇರಿ ಗಿರಿಗಿಟ್ಲೆಯಂತೆ ಸುತ್ತುಗಟ್ಟಿರುವವು. ನಡುವೆ ಖಾಲಿ ಕೋಣೆ ಉಳಿಯಿತು. ಇವು ಅಳತೆಗೆ ಕಟ್ಟುಬಿದ್ದ ಚೌಕಗಳಲ್ಲ, ಗೋಡೆ ಸರಿಸಬಹುದಾದ ಕೋಣೆಗಳೆಂದೇ ಭಾವಿಸಿ, ಆ ಖಾಲಿಯನ್ನು ಯಾವುದಾದರೂ ನೆರೆಯವನಿಗೆ ಕೊಟ್ಟುಬಿಡಲು ಯತ್ನಿಸಿರಿ. ಏಳರ ಕೆಳಗೋಡೆಯನ್ನು ಇಳಿಸಹೋದರೆ ಅದೇ ಗೋಡೆಯ ಕೆಳಗೆ ಹತ್ತು ಕುಳಿತಿದೆ. ಹತ್ತರ ಬಲಗೋಡೆಯನ್ನು ಸರಿಸಹೋದರೆ ಒಂಬತ್ತು ಅಡ್ಡವಿದೆ. ಒಂಬತ್ತಕ್ಕೆ ಎಂಟು, ಎಂಟಕ್ಕೆ ಏಳು. ಒಬ್ಬರಿಗೆ ಕೊಡಲು ಇನ್ನೊಬ್ಬರದನ್ನು ಕಸಿಯಬೇಕು. ಬೇರೆ ಕಡೆಯ ಖಾಲಿ ಕೋಣೆಗಳಾದರೆ ಹಾಗಲ್ಲ. ಅವುಗಳ ಒಂದಿಲ್ಲೊಂದು ಗೋಡೆ ನೆಟ್ಟಗೆ ಸರಿದು ಖಾಲಿಯು ನೆರೆಮನೆಯಲ್ಲಿ ಕರಗುವದು. ಕರಗದೆ ಉಳಿಯತಕ್ಕ ಖಾಲಿಯು ಚಕ್ರದ ನಡುವೆ ಮಾತ್ರ ಇರಬಲ್ಲದು ಎಂಬದನ್ನು ಆಧಾರವಾಗಿಟ್ಟುಕೊಂಡು ಇವ್ಯಾಂಜೆಲಿನ್ ಯಂಗ್, ಕ್ರಿಸ್ ಚೂ, ಜಾಯನ್ ಶೆನ್ ಎಂಬ ಮೂವರು ೨೦೦೩ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿದರು. ಅದರ ಮುಂಚೆ ಕೆಲವರು, ಎಲ್ಲಿಯಾದರೂ ಬೇಕಾದೀತೆಂದು ಬೇಕಾದ್ದಕ್ಕಿಂತ ಹೆಚ್ಚು ಪೊಳ್ಳು ಖಂಡಗಳನ್ನು ಲೆಕ್ಕದಲ್ಲಿ ಸೇರಿಸಿ ಹುಡುಕಾಟವನ್ನು ವೃಥಾ ಬೆಳೆಸುತ್ತಿದ್ದರು. ಈ ಮೂವರ ಕ್ರಮದಲ್ಲಿ ಎಷ್ಟು ಖಾಲಿ ಕೋಣೆಗಳು ನಿಜವಾಗಿ ಬೇಕೋ ಅಷ್ಟೇ, ಎಲ್ಲಿ ಬೇಕೋ ಅಲ್ಲೇ ಸೇರುತ್ತವೆ. ಒಂದು ನಕ್ಷೆ ಎರಡು ಸಲ ಬರುವದಿಲ್ಲ. ಶೂನ್ಯಕ್ಕೂ ಇಷ್ಟು ಕಟ್ಟುನಿಟ್ಟಾದ ಸ್ಥಾನನಿರ್ಣಯವಿದೆಯೆಂದು ತಿಳಿದ ರಾತ್ರಿ ನಮಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ನಡುವೆ ಬಂದ ಇನ್ನೊಂದು ಪದ್ಧತಿಯನ್ನು ಹೇಳದೆ ಮುಂದೆ ಹೋಗಲಾಗದು. ೧೯೯೫ರಲ್ಲಿ ಜಪಾನದ ಮುರಾತಾ, ಫುಜಿಯೋಶಿ, ನಕತಾಕೆ, ಕಜಿತಾನಿ ಎಂಬವರು ಇದನ್ನು ಪ್ರಕಟಿಸಿದರು. ಶಾಲೆಯಲ್ಲಿ ಒಂದೇ ವರ್ಗದ ಹುಡುಗರ ಎರಡು ಹಾಜರಿ ಪಟ್ಟಿಗಳಿವೆಯೆಂದು ತಿಳಿಯಿರಿ. ಹೆಸರುಗಳು ಅವೇ, ಅನುಕ್ರಮ ಮಾತ್ರ ಬೇರೆ. ಯಾವನಾದರೂ ಇಬ್ಬರನ್ನು ನೋಡಿದಾಗ, ಎರಡು ಪಟ್ಟಿಗಳಲ್ಲಿಯೂ ರಾಮನು ಗೋವಿಂದನಿಗಿಂತ ಮೊದಲಿದ್ದರೆ ರಾಮನು ಗೋವಿಂದನ ಎಡಕ್ಕೆ. ಮೊದಲನೆಯದರಲ್ಲಿ ಮೊದಲು, ಎರಡನೆಯದರಲ್ಲಿ ಆಮೇಲೆ ಇದ್ದರೆ ರಾಮನು ಗೋವಿಂದನ ಮೇಲೆ. ಇಷ್ಟೇ ನಿಯಮ. ಪ್ರತಿಯೊಂದು ಜೋಡಿಗೂ ಎಡ, ಬಲ, ಮೇಲೆ, ಕೆಳಗೆ ಇವುಗಳಲ್ಲಿ ಒಂದೇ ಸಂಬಂಧ ಬರುವದರಿಂದ ಒಬ್ಬರ ಮೇಲೊಬ್ಬರು ಬೀಳುವ ಪ್ರಶ್ನೆಯೇ ಇಲ್ಲ. ಯಾವ ಎರಡು ಪಟ್ಟಿಗಳನ್ನು ಬರೆದರೂ ಒಂದು ಸರಿಯಾದ ನಕ್ಷೆ ಆಗಿಯೇ ತೀರುವದು; ಅತ್ಯಂತ ಕಡಿಮೆ ಜಾಗದ ನಕ್ಷೆಯೂ ಯಾವುದೋ ಎರಡು ಪಟ್ಟಿಗಳಲ್ಲಿ ಅಡಗಿರುವದು. ಮೂವತ್ತು ವರ್ಷ ಹಾಜರಿ ಕರೆದವರು ನಾವು; ಅದರಲ್ಲಿ ಇಂಥ ಸಂಪತ್ತಿದೆಯೆಂದು ತಿಳಿದಿರಲಿಲ್ಲ. ಆಮೇಲೆ ೨೦೦೦ದಲ್ಲಿ ತೈವಾನದ ವಿದ್ವಾಂಸರು ಮರದ ಕೊಂಬೆಗಳಂತೆ ಖಂಡಗಳನ್ನು ಜೋಡಿಸುವ ಬಿ-ಸ್ಟಾರ್ ಮರವೆಂಬುದನ್ನು ತಂದರು. ಹೆಸರುಗಳು ಇನ್ನೂ ಹತ್ತಾರು ಇವೆ, ಬಿಡೋಣ.

ಆ ಕೋಟಿಗಟ್ಟಲೆ ಪಟ್ಟಿಗಳಲ್ಲಿ ಹುಡುಕುವದು ಹೇಗೆ? ಇದಕ್ಕೆ ಉತ್ತರವು ಕಮ್ಮಾರನ ಕುಲುಮೆಯಿಂದ ಬಂದಿದೆ. ಲೋಹವನ್ನು ಕಾಸಿ ಮೆಲ್ಲಮೆಲ್ಲನೆ ಆರಿಸಿದರೆ ಅದರ ಕಣಗಳು ಅತ್ತಿತ್ತ ಸರಿದು ನೆಮ್ಮದಿಯ ಸ್ಥಿತಿಗೆ ಬರುತ್ತವೆ. ಒಮ್ಮೆಲೆ ತಣಿಸಿದರೆ ಅಡ್ಡಾದಿಡ್ಡಿಯಾಗಿ ಬಿಗಿದುಕೊಳ್ಳುತ್ತವೆ. ಐ.ಬಿ.ಎಂ. ಸಂಸ್ಥೆಯ ಕರ್ಕ್‌ಪ್ಯಾಟ್ರಿಕ್ ಮತ್ತು ಅವನ ಇಬ್ಬರು ಸಂಗಡಿಗರು ೧೯೮೩ರಲ್ಲಿ ಇದನ್ನೇ ಲೆಕ್ಕಕ್ಕೆ ಅಳವಡಿಸಿದರು. ನಕ್ಷೆಯಲ್ಲಿ ಎರಡು ಖಂಡಗಳನ್ನು ಅದಲುಬದಲು ಮಾಡಿ ನೋಡುವದು, ಉತ್ತಮವಾದರೆ ಇಟ್ಟುಕೊಳ್ಳುವದು. ಕೆಟ್ಟಿತೆಂದರೂ, ‘ಕಾವ’ು ಹೆಚ್ಚಿರುವ ಮೊದಮೊದಲಿಗೆ ಕೆಲವು ಸಲ ಅದನ್ನೂ ಒಪ್ಪಿಕೊಳ್ಳುವದು. ಕಾವು ಇಳಿದಂತೆ ಒಪ್ಪುವದನ್ನು ಕಡಿಮೆ ಮಾಡುವದು. ಪ್ರತಿ ಹೆಜ್ಜೆಗೂ ಲಾಭವನ್ನೇ ಬಯಸುವವನು ಸಣ್ಣ ದಿನ್ನೆಯನ್ನೇ ಬೆಟ್ಟವೆಂದು ತಿಳಿದು ಅಲ್ಲಿಯೇ ಕುಳಿತುಬಿಡುವನು. ಸ್ವಲ್ಪ ಇಳಿಯಲು ಒಪ್ಪಿದವನಿಗೆ ಮುಂದಿನ ಬೆಟ್ಟ ಸಿಕ್ಕೀತು.

ಇಷ್ಟೆಲ್ಲ ಕ್ರಮಗಳ ಗುರಿ ಬಹುಕಾಲದವರೆಗೆ ಒಂದೇ ಆಗಿದ್ದಿತು. ಎಲ್ಲ ಖಂಡಗಳನ್ನೂ ಒಂದು ಮೂಲೆಗೆ ಒತ್ತಿ, ನಡುವೆ ಉಳಿಯುವ ಜಾಗವನ್ನು ನೂರಕ್ಕೆ ಇಷ್ಟೆಂದು ಎಣಿಸಿ, ಅದು ಕಡಿಮೆಯಾದಷ್ಟೂ ಹಿಗ್ಗುವದು. ಆ ಜಾಗಕ್ಕೆ ಆಂಗ್ಲದಲ್ಲಿ ‘ಸತ್ತ ಜಾಗ’ ಎಂಬರ್ಥದ ಹೆಸರೇ ಬಿದ್ದಿತ್ತು. ಹಿರಿಯ ಹುಡುಗಿಯು ಫೋನಿನಲ್ಲಿ ತನ್ನ ಮೊದಲನೆಯ ವರ್ಷದ ಕಥೆಯನ್ನು ಹೇಳಿದಳು. ಅವಳಿಗೆ ಕೊಟ್ಟ ಖಂಡಗಳನ್ನೆಲ್ಲ ಒಂದಕ್ಕೊಂದು ಒತ್ತಿ, ಜಾಗ ಉಳಿಸಿದೆನೆಂದು ಹೆಮ್ಮೆಯಿಂದ ಒಪ್ಪಿಸಿದಳಂತೆ. ಮೇಲಿನವರೂ ಭೇಷ್ ಎಂದರಂತೆ. ಆಮೇಲೆ ತಂತಿ ಎಳೆಯುವ ಹಂತ ಬಂತು. ನೆನಪಿನ ಖಂಡಗಳ ನಡುವೆ ತಂತಿಗಳಿಗೆ ಓಣಿಯೇ ಇಲ್ಲ. ಸುತ್ತುಬಳಸಿ ಎಳೆದ ತಂತಿಗಳಿಂದ ಸಂದೇಶ ತಡವಾಯಿತು. ತಡವನ್ನು ನೀಗಿಸಲು ಉದ್ದ ತಂತಿಯ ನಡುನಡುವೆ ಸಂದೇಶಕ್ಕೆ ಬಲ ತುಂಬುವ ಬಫರ್ ಎಂಬ ಸಣ್ಣ ಮಂಡಲಗಳನ್ನು ಇಡಬೇಕು, ಅವನ್ನಿಡಲು ತೆರಪಿಲ್ಲ. ಮೂರು ವಾರಗಳ ಕೆಲಸವೆಲ್ಲ ಹಾಳಾಗಿ ಮತ್ತೆ ಮೊದಲಿನಿಂದ ಮಾಡಬೇಕಾಯಿತು. “ಅಜ್ಜಾರ, ಆವತ್ತ ಹಾಸ್ಟೆಲ್ಲಿಗೆ ಹೋಗಿ ಅತ್ತೆರಿ,” ಎಂದಳು. ಇದನ್ನು ಅವಳು ತಂದೆಗೆ ಹೇಳಿರಲಿಲ್ಲ.

ಅವಳೊಬ್ಬಳ ತಪ್ಪು ಇದಲ್ಲ; ಒಂದು ಶಾಸ್ತ್ರವೇ ಹಾದುಬಂದ ತಪ್ಪು. ಬಫರುಗಳಿಗಾಗಿ ನೆಲನಕ್ಷೆಯಲ್ಲಿ ಮೊದಲೇ ಜಾಗವನ್ನು ಗೊತ್ತುಮಾಡುವ ವಿಚಾರವನ್ನು ಕಾಂಗ್, ಕಾಂಗ್ ಮತ್ತು ಪಾನ್ ಎಂಬ ಮೂವರು ೧೯೯೯ರಲ್ಲಿ ಮುಂದಿಟ್ಟರು. ೨೦೦೦ದಲ್ಲಿ ಆಂಡ್ರೂ ಕಾಂಗ್ ಎಂಬ ಇನ್ನೊಬ್ಬ ಪಂಡಿತನು, ಹೊರಚೌಕಟ್ಟನ್ನು ಬಿಟ್ಟು ಬರೇ ಒತ್ತುವದರಲ್ಲಿಯೇ ತೊಡಗಿದ ಹಳೆಯ ನೆಲನಕ್ಷಾಶಾಸ್ತ್ರವು ಅಪಾಯಕಾರಿಯಲ್ಲವೇ ಎಂದು ಖಾರವಾಗಿ ಕೇಳಿದನು; ನಿಜವಾದ ಕೆಲಸದಲ್ಲಿ ಚೌಕಟ್ಟು ಮೊದಲೇ ಗೊತ್ತಾಗಿರುವದು, ಅದರೊಳಗೆ ಹೊಂದಿಸಬೇಕು ಎಂಬದು ಅವನ ವಾದ. ಇಂದು ಅಂಗಳದ ನೂರಕ್ಕೆ ಎಪ್ಪತ್ತರಷ್ಟನ್ನು ತುಂಬಿ, ಉಳಿದದ್ದನ್ನು ತೆರವಾಗಿಟ್ಟು ಪ್ರಾರಂಭಿಸುವ ರೂಢಿ ಬಹುಕಡೆ ಇದೆ. ದೊಡ್ಡ ಖಂಡಗಳನ್ನು ಅಂಚಿಗೆ ಇಟ್ಟು ನಡುವೆ ಬಯಲು ಬಿಡುತ್ತಾರೆ. ಪ್ರತಿ ದೊಡ್ಡ ಖಂಡದ ಸುತ್ತ ಪ್ರಭಾವಳಿಯಂತೆ ಒಂದು ಖಾಲಿ ಅಂಚು. ಎರಡರ ನಡುವೆ ತಂತಿಗಳ ಓಣಿ. ಬಹಳ ಕಾಯುವ ಖಂಡಗಳನ್ನು ಒಂದಕ್ಕೊಂದು ದೂರ. ಉಳಿದ ಜಾಗ ಬೇರೆ, ಬಿಟ್ಟ ಜಾಗ ಬೇರೆ. ಎರಡರ ಅಳತೆ ಒಂದೇ ಇರಬಹುದು. ಮೊದಲನೆಯದು ಎಲ್ಲೆಲ್ಲಿಯೋ ಸಂದಿಗೊಂದಿಗಳಲ್ಲಿ ಹರಿದುಹಂಚಿ ಯಾರಿಗೂ ಬಾರದು, ಎರಡನೆಯದರಿಂದ ಚಿಪ್ಪು ನಡೆಯುವದು.

ನಮ್ಮ ವಾಸ್ತುಗ್ರಂಥಗಳಲ್ಲಿ ಎಂಬತ್ತೊಂದು ಪದಗಳ ಮಂಡಲವನ್ನು ಹೇಳಿ ನಡುವಿನ ಒಂಬತ್ತನ್ನು ಬ್ರಹ್ಮನಿಗೆ ಬಿಟ್ಟಿರುವದು ವರಾಹಮಿಹಿರನ ಬೃಹತ್ಸಂಹಿತೆಯನ್ನು ನೋಡಿದವರಿಗೆ ಗೊತ್ತು. ಹಾಗೆಂದು ಚಿಪ್ಪಿನ ವಿದ್ಯೆಯೆಲ್ಲ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತೆಂದು ಹೇಳುವ ಪಂಗಡದವರು ನಾವಲ್ಲ. ಬ್ರಹ್ಮಸ್ಥಾನಕ್ಕೆ ಕಾರಣ ಬೇರೆ, ಬಫರಿನ ಓಣಿಗೆ ಕಾರಣ ಬೇರೆ. ಆದರೆ ಈ ಊರಿನಲ್ಲಿಯೇ ೧೬೫೬ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಗೋಳಗುಮ್ಮಟದೊಳಗೆ ನಿಂತು, ನಡುವೆ ಒಂದು ಕಂಬವೂ ಇಲ್ಲದ ಆ ಬಯಲನ್ನು ನೋಡಿದವರಿಗೆ, ಖಾಲಿ ಜಾಗವು ತಾನಾಗಿ ಉಳಿಯುವದಿಲ್ಲ, ಒಂದಕ್ಕೊಂದು ಹೆಣೆದ ಕಮಾನುಗಳಿಂದ ಕಷ್ಟಪಟ್ಟು ಕಟ್ಟಬೇಕಾಗುವದು ಎಂಬ ಮಾತು ಸುಲಭವಾಗಿ ತಿಳಿದೀತು.

ಎಂಟನೆಯ ದಿನ ಶಿಷ್ಯನು ಚಿಕ್ಕ ಮಗಳನ್ನು ಕರೆದುಕೊಂಡೇ ಬಂದನು. ನಾವು ರಟ್ಟಿನ ಚೌಕಗಳನ್ನು ಹರಡಿಕೊಂಡು ಚಕ್ರವನ್ನೂ ಖಾಲಿ ಕೋಣೆಯನ್ನೂ ವಿವರಿಸಹೊರಟೆವು. ಅವನು ಚಕ್ರದವರೆಗೆ ತಾಳ್ಮೆಯಿಂದ ತಲೆದೂಗಿದನು. ಕಣ್ಣಿನಲ್ಲಿ ಮಾತ್ರ ಹಳೆಯ ಗಣಿತದ ತಾಸಿನ ಮಂಪರು ಕಾಣಿಸತೊಡಗಿತು. ಆಗ ನಾವು ಹುಡುಗಿಯ ಮೂರು ವಾರಗಳ ಕಥೆಯನ್ನು, ಅವಳ ಅಪ್ಪಣೆ ಪಡೆದೇ, ಹೇಳಿದೆವು. ಒತ್ತಿ ತುಂಬಿದ್ದರಿಂದ ಓಣಿಯಿಲ್ಲದೆ ಕೆಟ್ಟಿತು ಎಂದ ಕೂಡಲೆ ಅವನು ನೆಟ್ಟಗೆ ಕುಳಿತನು.

“ಅಂದ್ರ ನಮ್ಮ ಶೆಡ್ಡಿನಂಗ ಆತಲ್ರಿ, ಗುರುಗಳ!”

ಆಮೇಲೆ ಪಾಠ ಹೇಳಿದವನು ಅವನು, ಕೇಳಿದವರು ನಾವು. ಹಸಿ ದ್ರಾಕ್ಷಿಯ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟು ಮತ್ತು ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಒಂದರ ಮೇಲೊಂದು ಅಟ್ಟಗಳಂತೆ ಕಟ್ಟಿದ ಜಾಲರಿಯ ಮೇಲೆ ಹರಡುತ್ತಾರೆ. ಬಿಸಿಲು ತಾಕಬಾರದು, ಗಾಳಿ ತಾಕಬೇಕು. ಹನ್ನೆರಡು ಹದಿನೈದು ದಿನಗಳಲ್ಲಿ ಒಣಗುವದು. ನಾಲ್ಕು ಕಿಲೋ ಹಸಿಯದಕ್ಕೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಹೋದ ಸುಗ್ಗಿಯಲ್ಲಿ ಇನ್ನೊಂದು ಶೆಡ್ಡಿನ ಬಾಡಿಗೆ ಉಳಿಸೋಣವೆಂದು ಇವನು ಒಂದೇ ಶೆಡ್ಡಿನಲ್ಲಿ ಗೊನೆಯ ಮೇಲೆ ಗೊನೆ ಹೇರಿದನು. ಅಂಚಿನ ಮಾಲು ಹಸುರಾಗಿಯೇ ಒಣಗಿತು. ಗಾಳಿಯು ಒಳಗೆ ಹೋಗದೆ ನಡುವಿನದೆಲ್ಲ ಕಪ್ಪಾಗಿ, ಕೆಲವು ಬೂಸರು ಹಿಡಿದವು. ಗಾಳಿಗೆ ಓಣಿ ಬಿಡಬೇಕಾಗಿತ್ತು. ಶೆಡ್ಡಿನ ಕೊನೆಗೆ ಎರಡು ಮಾರು ಖಾಲಿ ಉಳಿದಿತ್ತಂತೆ. ಅದರಿಂದ ನಡುವಿನ ಗೊನೆಗೆ ಏನು ಉಪಯೋಗ? “ಆ ಜಾಗಾನ ನಡುವ ಹಂಚಿ ಬಿಟ್ಟಿದ್ರ ಸಾಕಾಗಿತ್ರಿ. ಖಾಲಿ ಎಲ್ಲಿ ಬಿಡಬೇಕು ಅನ್ನೂದ ನನಗ ಯಾರರೆ ಹೇಳಿದ್ರ ನಾನೂ ಪಗಾರ ಕೊಡ್ತಿದ್ನಿ,” ಎಂದು ತಾನೇ ನಕ್ಕನು.

ನಾವು ಹೂಂ ಎಂದೆವೆ? ಪ್ರಾಮಾಣಿಕವಾಗಿ ಎರಡೂ ಮಗ್ಗುಲನ್ನು ಹೇಳಿದೆವು. ಕೆಲಸವು ಕಣ್ಣನ್ನು ತಿನ್ನುವಂಥದು, ಊರಿನಿಂದ ದೂರದ್ದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ೧೯೮೫ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ಈ ವಿದ್ಯೆ ಅಲ್ಲಿಯೇ ಬೇರೂರಿದೆ. ಯಂತ್ರಗಳು ತಾವೇ ನೆಲನಕ್ಷೆ ಮಾಡುವ ದಿನಗಳೂ ಸಮೀಪಿಸುತ್ತಿರಬಹುದು. ಅಭ್ಯಾಸದಿಂದ ಕಲಿಯುವ ಯಂತ್ರವು ಆರು ತಾಸುಗಳೊಳಗೆ ಖಂಡಗಳನ್ನು ಇಡಬಲ್ಲದೆಂದು ಗೂಗಲ್ ಸಂಸ್ಥೆಯವರು ೨೦೨೧ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅದನ್ನು ಒಪ್ಪದವರ ವಾದವೂ ಜೋರಾಗಿಯೇ ನಡೆಯಿತು. ಆದರೆ ಓದಿಗಾಗಿ ಊರು ಬಿಡಬೇಕಾಗಿಲ್ಲ. ವಚನಗಳನ್ನು ಹುಡುಕಿ ಉಳಿಸಿದ ಫ. ಗು. ಹಳಕಟ್ಟಿಯವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ವಿಜಯಪುರದಲ್ಲಿಯೇ ೧೯೮೦ರಿಂದ ಇದೆ; ತಿಕೋಟಾದಿಂದ ದಿನಾಲು ಬಸ್ಸಿನಲ್ಲಿ ಬಂದುಹೋಗಬಹುದು. ನಾಲ್ಕು ವರ್ಷಗಳ ಕೋಣೆಯ ಬಾಡಿಗೆ ಉಳಿದೀತು. ಈ ಲೆಕ್ಕವು ಅವನಿಗೆ ಮಿಕ್ಕೆಲ್ಲ ಲೆಕ್ಕಗಳಿಗಿಂತ ಬೇಗನೆ ತಿಳಿಯಿತು.

ನಾವು ಮಾತಾಡುತ್ತಿರುವಷ್ಟು ಹೊತ್ತೂ ಚಿಕ್ಕ ಹುಡುಗಿಯು ಚೌಕಗಳ ಮುಂದಿನಿಂದ ಎದ್ದಿರಲಿಲ್ಲ. ಕತ್ತಲಾದ ಮೇಲೆ ಅವುಗಳನ್ನು ಮನೆಗೊಯ್ಯಲೇ ಎಂದು ಕೇಳಿ ಕಾಗದದಲ್ಲಿ ಸುತ್ತಿಕೊಂಡು ಹೋದಳು. ಮರುದಿನ ಕಸ ಗುಡಿಸುವಾಗ ಕಟ್ಟೆಯ ಕೆಳಗೆ ಒಂದರ ಚೂರು ಸಿಕ್ಕಿತು. ಕಳುಹಿಸಿಕೊಡಲೇ ಎಂದು ಫೋನು ಮಾಡಿದರೆ, “ಬ್ಯಾಡ್ರಿ ಅಜ್ಜಾರ, ಉಳಿದ ಎಂಟೂ ಕೂಡಿಸೀನಿ, ಅದರ ಜಾಗಾ ಹಂಗ ಬಿಟ್ಟೀನಿ,” ಎಂದಳು.